ನಿಕ್ಕಲ್ ತಂತಿ, ಮೂರನೇ ವಾರ: ಗೆರೆ ಬಾಗಿತು!

ನಿನ್ನೆ ರಾತ್ರಿ ಹನ್ನೊಂದೂವರೆಗೆ, 356 ಡಿಗ್ರಿ ಸೆಲ್ಸಿಯಸ್ ಹತ್ತಿರ. ಮಡಿಕೇರಿಯಲ್ಲಿ ಈ ವಾರ ಮಳೆ ಬಿಟ್ಟೇ ಇಲ್ಲ. ಫರ್ನೇಸ್ 300 ದಾಟುವಷ್ಟರಲ್ಲಿ ಕರೆಂಟ್ ಹೋಗಿ ಎರಡು ಸಲ ಮೊದಲಿಂದ ಶುರು ಮಾಡಿದ್ದೆ, ಅದಕ್ಕೇ ಇಷ್ಟು ಖುಷಿ.

ಕೆಲಸ ಇಷ್ಟೇ. ಒಂದು ಮೀಟರ್ ನಿಕ್ಕಲ್ ತಂತಿ, ಕಾಲು ಮಿಲಿಮೀಟರ್ ದಪ್ಪ. ಕಾಯಿಸುತ್ತಾ ರೆಸಿಸ್ಟೆನ್ಸ್ (ಕರೆಂಟಿಗೆ ತಂತಿ ಒಡ್ಡುವ ತಡೆ) ಅಳೆದು, ತಾಪಮಾನದ ಜೊತೆ ಅದು ಏರುವ ಗೆರೆಯನ್ನು ಗ್ರಾಫ್‌ನಲ್ಲಿ ಎಳೆಯುವುದು. 358 ಡಿಗ್ರಿ ಆಸುಪಾಸಿನಲ್ಲಿ ನಿಕ್ಕಲ್ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ, ಅದೇ ಕ್ಯೂರಿ ತಾಪಮಾನ. ತಂತಿಯೊಳಗೆ ಓಡುವ ಎಲೆಕ್ಟ್ರಾನ್‌ಗೂ ಅದು ಗೊತ್ತಾಗುತ್ತದಾ?

ಮೊದಲೆರಡು ವಾರ ಹಾಳಾದದ್ದು ಕ್ಲಿಪ್‌ಗಳಿಂದ. ಬಿಸಿಗೆ ಕಪ್ಪುಗಟ್ಟಿ ಅವುಗಳ ರೆಸಿಸ್ಟೆನ್ಸೇ ಲೆಕ್ಕಕ್ಕೆ ಸೇರುತ್ತಿತ್ತು. ಈಗ ನಾಲ್ಕು ವಯರ್: ಹೊರಗಿನ ಎರಡರಲ್ಲಿ 100 ಮಿಲಿಆಂಪ್, ಒಳಗಿನ ಎರಡರಲ್ಲಿ ವೋಲ್ಟೇಜ್ ಮಾತ್ರ, ಹಾಗಾಗಿ ಕ್ಲಿಪ್‌ಗಳ ರೆಸಿಸ್ಟೆನ್ಸ್ ಲೆಕ್ಕಕ್ಕೆ ಬರುವುದಿಲ್ಲ. ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿಜೋಡಿ) ತುದಿಯನ್ನು ಮೈಕಾ (ಅಭ್ರಕ) ಚೂರಿನ ಜೊತೆ ತಂತಿಗೇ ಒತ್ತಿ ಕಟ್ಟಿದೆ. ಏರುವಾಗಿನ ಗೆರೆಗೂ ಇಳಿಯುವಾಗಿನ ಗೆರೆಗೂ ಇದ್ದ 20 ಡಿಗ್ರಿ ಅಂತರ 4ಕ್ಕೆ ಬಂತು.

22 ಡಿಗ್ರಿಯಲ್ಲಿ ರೆಸಿಸ್ಟೆನ್ಸ್ 1.43 ಓಮ್. 300ರಲ್ಲಿ 4.6. ಅಲ್ಲಿಂದ ಮೇಲೆ ಪ್ರತಿ 10 ಡಿಗ್ರಿಗೆ ಹತ್ತಿರ ಹತ್ತಿರ 0.2 ಓಮ್ ಏರುತ್ತಾ ಹೋಗಿ, 356 ದಾಟಿದ್ದೇ ತಡ, ಅದೇ 10 ಡಿಗ್ರಿಗೆ 0.07! ಅನುಮಾನ ಬೇಡ ಅಂತ ತಾಮ್ರದ ತಂತಿಯನ್ನೂ ಅದೇ ಜಾಗದಲ್ಲಿಟ್ಟು ಕಾಯಿಸಿದೆ. ಅದರದು ಎಲ್ಲೂ ಬಾಗದ ಗೆರೆ.

ಹುತ್ತರಿ ಕೋಲಾಟ ನೋಡಿದ್ದೀರಲ್ವಾ? ಎಲ್ಲರ ಹೆಜ್ಜೆ ಒಂದೇ ತಾಳದಲ್ಲಿದ್ದರೆ ನಡುವೆ ನುಸುಳಿ ಹೋಗಬಹುದು. ತಾಳ ತಪ್ಪಿದಷ್ಟೂ ಡಿಕ್ಕಿ ಜಾಸ್ತಿ. ನಿಕ್ಕಲ್ ಪರಮಾಣುಗಳ ಪುಟ್ಟ ಅಯಸ್ಕಾಂತಗಳೂ ಹಾಗೆ: ತಣ್ಣಗಿರುವಾಗ ಒಂದೇ ದಿಕ್ಕು, ಕಾದಂತೆ ಒಂದೊಂದೇ ದಿಕ್ಕು ತಪ್ಪಿ ಎಲೆಕ್ಟ್ರಾನ್‌ಗಳನ್ನು ಚದುರಿಸುತ್ತವೆ. ಕ್ಯೂರಿ ದಾಟಿದ ಮೇಲೆ ಕೆಡುವಷ್ಟು ಕೆಟ್ಟಾಯ್ತು, ಇನ್ನು ಕೆಡಲು ಉಳಿದಿಲ್ಲ. ಆಮೇಲೆ ಏರುವುದೆಲ್ಲ ಬಹುಪಾಲು ಪರಮಾಣುಗಳ ಕುಲುಕಾಟದಿಂದ, ಅದಕ್ಕೇ ಗೆರೆ ಪೂರ್ತಿ ಮಲಗುವುದಿಲ್ಲ. ಸುಮ್ನೆ ಓದಿದ್ದಾಗ ಇದು ನನಗೆ ಹತ್ತಿರಾಗಿರಲಿಲ್ಲ. ಮೀಟರಿನ ಅಂಕಿ ಓಡುತ್ತಾ ಓಡುತ್ತಾ ನಿಧಾನವಾದದ್ದನ್ನು ಕಣ್ಣಾರೆ ನೋಡಿದಾಗ ಮೈ ಜುಮ್ಮೆಂದಿತು.

ಕಬ್ಬಿಣಕ್ಕೆ 770 ಡಿಗ್ರಿ ಬೇಕು, ಈ ಫರ್ನೇಸ್ ಅಲ್ಲಿಗೆ ಮುಟ್ಟುವುದಿಲ್ಲ. ಗ್ಯಾಡೊಲಿನಿಯಮ್ ಎಂಬ ಲೋಹಕ್ಕೆ ಸುಮಾರು 20 ಸಾಕು. ಚಿಕ್ಕ ತುಂಡೊಂದನ್ನು ತರಿಸುತ್ತಿದ್ದೇನೆ. ಡಿಸೆಂಬರ್ ಬೆಳಿಗ್ಗೆ ನಮ್ಮ ಜಗಲಿ ಅದಕ್ಕಿಂತ ತಣ್ಣಗಿರುತ್ತದೆ, ಅಂಗಳದ ಬಿಸಿಲಿಗೆ ತಂದಿಟ್ಟರೆ ಆಯಿತು, ಕರೆಂಟ್ ಹೋಗುವ ಭಯವೂ ಇಲ್ಲ.