ಹ್ಯಾಂಡಲ್ ನಡುಕ

ಚಿತ್ರದುರ್ಗ ದಾಟಿದ ಮೇಲೆ ಹೆದ್ದಾರಿಯಲ್ಲಿ ವೇಗ 75 ಮುಟ್ಟಿದರೆ ಸಾಕು, ನನ್ನ ಬೈಕಿನ ಹ್ಯಾಂಡಲ್ ಎಡಬಲಕ್ಕೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಟೈರಿನ ಗಾಳಿ ಸರಿಯಿತ್ತು. ವೀಲ್ ಬ್ಯಾಲೆನ್ಸ್ ಮಾಡಿಸಿದೆ. ನಡುಕ ಹೋಗಲಿಲ್ಲ.

ಕಾರಣ ಸಿಕ್ಕಿದ್ದು ಸ್ಟೀರಿಂಗ್ ಬೇರಿಂಗಿನಲ್ಲಿ, ಅಂದರೆ ಹ್ಯಾಂಡಲ್ ಸಲೀಸಾಗಿ ತಿರುಗಲೆಂದು ಅದರ ಕೆಳಗೆ ಕೂರಿಸಿರುವ ಬೇರಿಂಗಿನಲ್ಲಿ. ಪರೀಕ್ಷೆ ಸುಲಭ, ಬೈಕ್ ಇರುವವರೆಲ್ಲ ಒಮ್ಮೆ ಮಾಡಿ ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವ ಹಾಗೆ ಎತ್ತಿ. ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲುಗಳ, ಕೆಳತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆಯಿರಿ. ಕಟ್ ಅಂತ ಆಡಿದರೆ ಬೇರಿಂಗ್ ಸಡಿಲ. ಆಮೇಲೆ ಹ್ಯಾಂಡಲನ್ನು ನಿಧಾನ ತಿರುಗಿಸಿ. ನಟ್ಟನಡುವೆ ಸಿಕ್ಕಿಕೊಂಡ ಹಾಗಾದರೆ ಬೇರಿಂಗ್ ಓಡುವ ದಾರಿಯಲ್ಲೇ ಗುಳಿ ಬಿದ್ದಿದೆ ಅಂತ ಅರ್ಥ. ಆಗ ಸುಮ್ನೆ ನಟ್ ಬಿಗಿದರೆ ಆಗದು, ಇಡೀ ಸೆಟ್ಟನ್ನೇ ಬದಲಿಸಬೇಕು. ನನ್ನದೂ ಹಾಗೇ ಆಯಿತು. ಹೊಸ ಬೇರಿಂಗ್, ತುಂಬ ಗ್ರೀಸ್, ಹದವಾದ ಬಿಗಿ. ಜಾಸ್ತಿ ಬಿಗಿದರೆ ಬೈಕ್ ನೇರ ಹೋಗದೆ ತೂಗಾಡುತ್ತದೆ. ಈಗ 80ರಲ್ಲೂ ಹ್ಯಾಂಡಲ್ ಗಟ್ಟಿಯಾಗಿ ನಿಲ್ಲುತ್ತದೆ. ಎಷ್ಟು ನೆಮ್ಮದಿ!

ಓಡಿಸುವಾಗಲೇ ಹ್ಯಾಂಡಲ್ ನಡುಗಿದರೆ ಏನು ಮಾಡಬೇಕು? ಹೆದರಿದಾಗ ಕೈ ತಾನಾಗಿ ಬಿಗಿಯಾಗುತ್ತದೆ, ಅಲ್ವಾ? ಇಲ್ಲಿ ಅದೇ ಅಪಾಯ. ಗಟ್ಟಿಯಾಗಿ ಹಿಡಿದಷ್ಟೂ ನಡುಕ ಹೆಚ್ಚಬಹುದು. ಬ್ರೇಕ್ ಜೋರಾಗಿ ಒತ್ತಬೇಡಿ. ಹಿಡಿತ ಸಡಿಲಿಸಿ, ಮೊಣಕಾಲಿನಿಂದ ಟ್ಯಾಂಕ್ ಒತ್ತಿ, ಮೈ ಸ್ವಲ್ಪ ಮುಂದೆ ಬಾಗಿಸಿ, ಆಕ್ಸಿಲರೇಟರ್ ನಿಧಾನ ಬಿಡಿ. ದೇಹಕ್ಕೆ ಇದನ್ನು ಒಪ್ಪಿಸುವುದು ಬೇರಿಂಗ್ ಬದಲಿಸುವುದಕ್ಕಿಂತ ಕಷ್ಟ.

ಹಿಂದೆ ದೊಡ್ಡ ಪೆಟ್ಟಿಗೆ ಕಟ್ಟುವವರು ಅದರ ಭಾರವನ್ನೂ ಇಳಿಸಿ ನೋಡಿ. ಹಿಂಭಾರ ಜಾಸ್ತಿಯಾದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ನಡುಗಬಹುದು.