ನಾಲ್ಕರಲ್ಲಿ ಮೂರು ಸಾಲದು

"ಮಾವ, ಅಲ್ಲಿ ಬೇಜಾರಾದ್ರೆ ಆಮೇಲೆ ನನ್ನ ಬಯ್ಯಬೇಡಿ" ಎಂದು ಅಕ್ಕನ ಮಗ ಮೂರನೇ ಸಲ ಹೇಳಿದಾಗ ಕಾರು ಇನ್ನೂ ಅವನ ಬಡಾವಣೆಯಿಂದ ಹೊರಬಿದ್ದಿರಲಿಲ್ಲ. ಅವನಿಗೆ ನನ್ನದೇ ಚಿಂತೆ. ಭದ್ರಾವತಿಯ ಕಾರ್ಖಾನೆಯಲ್ಲಿ ಎರಕದ ವಿಭಾಗದಲ್ಲಿ ಮೂವತ್ತೇಳು ವರ್ಷ ಕಳೆದು ನಿವೃತ್ತನಾದವನು ನಾನು. ಕ್ರಿಕೆಟ್ ಬಿಟ್ಟರೆ ಕಬಡ್ಡಿ, ಅದು ಬಿಟ್ಟರೆ ಮತ್ತೆ ಕ್ರಿಕೆಟ್. ಅಮೆರಿಕದವರ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಹಾಕಿಕೊಂಡು ಗುಡ್ಡೆ ಬೀಳುವ ಆಟ ಎಂಬಷ್ಟೇ ತಿಳಿವಳಿಕೆ. ಆದರೆ ಎರಡು ತಿಂಗಳಿಂದ ಪ್ರತಿ ಭಾನುವಾರ ಅವನ ಮನೆಯ ಸೋಫಾದಲ್ಲಿ ಕೂತು ನೋಡಿದ್ದೆ, ರುಚಿ ಹತ್ತಿತ್ತು.

ಕಾರಿನಲ್ಲಿ ನಾಲ್ಕು ಜನ. ಓಡಿಸುವವನು ಅವನು. ಪಕ್ಕದಲ್ಲಿ ಅವನ ನೆರೆಮನೆಯ ಮುದುಕ, ಎಪ್ಪತ್ತೈದರ ಆಸುಪಾಸು, ಹುಟ್ಟಿದಾಗಿನಿಂದ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಭಕ್ತ. ಆ ಭಕ್ತಿಗೆ ದೇವರು ಇತ್ತೀಚೆಗೆ ಏನೂ ಕೊಟ್ಟಿಲ್ಲ. ಹಿಂದಿನ ಸೀಟಿನಲ್ಲಿ ನಾನು, ಅಕ್ಕನ ಮಗನ ಮಗಳು ಅಂದರೆ ನನ್ನ ಮೊಮ್ಮಗಳು, ನಮ್ಮಿಬ್ಬರ ಮಧ್ಯೆ ಪುಳಿಯೋಗರೆಯ ಸ್ಟೀಲ್ ಡಬ್ಬಿ. ಅವಳಿಗೆ ಹದಿನಾಲ್ಕು. ಶಾಲೆಯಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಆಡುತ್ತಾಳೆ, ರಿಸೀವರ್. ಹಾಗಾಗಿ ಅವತ್ತಿನ ಜಗಳವೂ ರಿಸೀವರ್‌ಗಳದ್ದೇ: ನಾವು ನೋಡಲು ಹೊರಟಿದ್ದ ಓಹಯೋ ರಾಜ್ಯದ ಕ್ಯಾಂಟನ್ನಿನ ಹಾಲ್ ಆಫ್ ಫೇಮ್, ಅಂದರೆ ಈ ಆಟದ ಶ್ರೇಷ್ಠರನ್ನು ಆರಿಸಿ ಗೌರವಿಸುವ ಮಂದಿರ, ಅದರ ಹೊಸಿಲ ಹೊರಗೆ ಕಾಯುತ್ತಿರುವವರಲ್ಲಿ ಯಾರನ್ನು ಒಳಗೆ ಬಿಡಬೇಕು?

ಗೊತ್ತಿಲ್ಲದವರಿಗೆ ಒಂದು ಮಾತು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಮೈದಾನದ ಅಂಚಿನಿಂದ ಓಟ ಕಿತ್ತು, ಬೆನ್ನಟ್ಟುವವನನ್ನು ಯಾಮಾರಿಸಿ, ಬರುವ ಚೆಂಡನ್ನು ಹಿಡಿಯುವವನು ರಿಸೀವರ್. ಹಿಡಿದ ಲೆಕ್ಕ, ಗಳಿಸಿದ ಗಜಗಳ ಲೆಕ್ಕ, ಟಚ್‌ಡೌನ್ ಅಂದರೆ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿದ ಲೆಕ್ಕ, ಮೂರೂ ಅವನ ಹೆಸರಿಗೆ ಜಮೆ. ಆದರೆ ಎಸೆಯುವವನು ಸರಿಯಿಲ್ಲದಿದ್ದರೆ ಇವನು ಎಷ್ಟು ಚೆನ್ನಾಗಿ ಓಡಿದರೂ ಖಾತೆ ಸೊನ್ನೆ. ಇಡೀ ತಕರಾರಿನ ಬೇರು ಇಲ್ಲೇ ಇದೆ.

2025ರ ಅಕ್ಟೋಬರ್ ತಿಂಗಳು. 77ನೇ ನಂಬರಿನ ಹೆದ್ದಾರಿಯ ಎರಡೂ ಬದಿ ಮೇಪಲ್ ಮರಗಳು ಕುಂಕುಮ ಅರಿಶಿನ ಮೆತ್ತಿಕೊಂಡು ನಿಂತಿದ್ದವು. ಏಕ್ರನ್ ಊರು ಬರುವ ಹೊತ್ತಿಗೆ ಅಕ್ಕನ ಮಗ ರೆಜ್ಜಿ ವೇಯ್ನ್ ಪರ ವಾದ ಮುಗಿಸಿದ್ದ. 1,070 ಕ್ಯಾಚ್, 14,345 ಗಜ, 82 ಟಚ್‌ಡೌನ್, ಎಲ್ಲ ಬಾಯಿಪಾಠ. ಸಾಫ್ಟ್‌ವೇರ್ ಪರೀಕ್ಷಿಸುವುದು ಅವನ ಕೆಲಸ, ಅಂಕಿ ತಪ್ಪಿದರೆ ನಿದ್ದೆ ಬರುವುದಿಲ್ಲ. ಮೊಮ್ಮಗಳದ್ದು ಒಂದೇ ಹೆಸರು, ಸ್ಟೀವ್ ಸ್ಮಿತ್. "ಐದಡಿ ಒಂಬತ್ತು ಇಂಚು ಅಷ್ಟೇ ಅಜ್ಜ. ಆದ್ರೂ 14,731 ಗಜ!" ಅವಳೂ ತಂಡದಲ್ಲಿ ಎಲ್ಲರಿಗಿಂತ ಕುಳ್ಳಿ. ಮುದುಕ ಕಿಟಕಿಯಾಚೆ ನೋಡುತ್ತಾ, ಟೋರಿ ಹೋಲ್ಟ್‌ನನ್ನು ಬಿಟ್ಟು ಬೇರೆ ಯಾರ ಮಾತೂ ಆಡಬಾರದು ಅಂದ.

ಕ್ಯಾಂಟನ್ ಸೇರಲು ಒಂದು ಗಂಟೆ ಸಾಕಾಯಿತು. ನಮ್ಮೂರಿನ ಹಾಗೆ ಉಕ್ಕಿನ ಊರು. ಟಿಮ್ಕೆನ್ ಎಂಬ ಹೆಸರು ಕಂಡದ್ದೇ ಮೈ ಜುಮ್ಮೆಂದಿತು. ರೋಲಿಂಗ್ ಮಿಲ್ಲಿನ ಬೇರಿಂಗುಗಳ ಮೇಲೆ ಅದೆಷ್ಟು ಸಲ ಓದಿದ್ದೇನೋ! 1920ರ ಸೆಪ್ಟೆಂಬರಿನಲ್ಲಿ ಇದೇ ಊರಿನ ಹಪ್‌ಮೊಬೀಲ್ ಕಾರುಗಳ ಅಂಗಡಿಯೊಂದರಲ್ಲಿ ತಂಡಗಳ ಯಜಮಾನರು ಸೇರಿ, ಇವತ್ತು ಎನ್‌ಎಫ್‌ಎಲ್ ಆಗಿರುವ ಲೀಗನ್ನು ಹುಟ್ಟುಹಾಕಿದರು. ಅಂಗಡಿ ರಾಲ್ಫ್ ಹೇ ಎಂಬವನದು. ಕ್ಯಾಂಟನ್ ಬುಲ್‌ಡಾಗ್ಸ್ ತಂಡವೂ ಅವನದೇ. ಆ ನೆನಪಿಗೇ 1963ರಲ್ಲಿ ಹಾಲ್ ಆಫ್ ಫೇಮ್ ಇಲ್ಲಿ ಬಾಗಿಲು ತೆರೆದದ್ದು. ಹಳೆಯ ಕಟ್ಟಡದ ಮಾಡು ಅರ್ಧ ಹುಗಿದ ಫುಟ್‌ಬಾಲಿನ ಹಾಗೆ ಚೂಪಾಗಿದೆ. ದೂರದಿಂದ ನನಗೆ ಅದು ನಿಂಬೆಹಣ್ಣು ಹಿಂಡುವ ಸಾಧನದಂತೆ ಕಂಡಿತು. ಬಾಯಿಬಿಟ್ಟು ಹೇಳಲಿಲ್ಲ.

ಒಳಗೆ ಕಾಲಿಟ್ಟರೆ ಹಳೆಯ ಕಾಲದ ಆಟಗಾರ ಜಿಮ್ ಥಾರ್ಪ್‌ನ ಆಳೆತ್ತರ ಮೀರಿದ ಕಂಚಿನ ವಿಗ್ರಹ. ಹೊಲೊಗ್ರಾಮ್ ನಾಟಕ, ಸೂಪರ್ ಬೌಲ್ ಎಂಬ ಲೀಗಿನ ಫೈನಲ್ ಗೆದ್ದವರ ಉಂಗುರಗಳ ಕಪಾಟು ಎಲ್ಲ ನೋಡಿದೆವು, ಅದನ್ನೆಲ್ಲ ವಿವರಿಸುವುದಿಲ್ಲ. ನಾನು ನಿಂತುಬಿಟ್ಟದ್ದು ಪ್ರತಿಮೆಗಳ ಕೋಣೆಯಲ್ಲಿ. ಮಬ್ಬು ಬೆಳಕು, ಸಾಲು ಸಾಲಾಗಿ ಎದೆಮಟ್ಟದ ಕಂಚಿನ ಪ್ರತಿಮೆಗಳು, ಆಯ್ಕೆಯಾದ ವರ್ಷದ ಪ್ರಕಾರ. ಆಗ ಒಟ್ಟು 382 ಜನ. ಬೇರೆಯವರು ಮುಖ ನೋಡುತ್ತಿದ್ದರೆ ನಾನು ಎರಕ ನೋಡುತ್ತಿದ್ದೆ. ಕಿವಿಯ ಹಿಂದೆ, ಗದ್ದದ ಕೆಳಗೆ ಅಚ್ಚಿನ ಕೂಡುಗೆರೆ ಉಳಿದಿದೆಯಾ ಅಂತ ಬಗ್ಗಿ ಬಗ್ಗಿ ಹುಡುಕಿದೆ. ಎಲ್ಲೂ ಇಲ್ಲ, ಉಜ್ಜಿ ತೆಗೆದಿದ್ದಾರೆ. ಗಾಳಿಗುಳ್ಳೆಯೂ ಇಲ್ಲ. ಬ್ಲೇರ್ ಬಸ್‌ವೆಲ್ ಎಂಬ ಶಿಲ್ಪಿ 1983ರಿಂದ ಇವುಗಳಲ್ಲಿ ಬಹಳಷ್ಟನ್ನು ಮಾಡಿದ್ದಾನಂತೆ. ಆಟಗಾರನನ್ನು ಎದುರಿಗೆ ಕೂರಿಸಿಕೊಂಡು ಮೊದಲು ಜೇಡಿಮಣ್ಣಿನಲ್ಲಿ ತಿದ್ದುತ್ತಾನೆ, ಆಮೇಲೆ ಕಂಚು. ರಾತ್ರಿ ದೀಪ ಆರಿಸಿದ ಮೇಲೆ ಈ ಪ್ರತಿಮೆಗಳು ಒಂದರೊಡನೊಂದು ಮಾತಾಡುತ್ತವೆ ಅಂತ ಕೋಚ್ ಜಾನ್ ಮ್ಯಾಡನ್ 2006ರಲ್ಲಿ ತನ್ನ ಸನ್ಮಾನದ ದಿನ ಹೇಳಿದ್ದನಂತೆ. ಅಷ್ಟು ನಯವಾದ ಎರಕ ನೋಡಿದ ಮೇಲೆ ನನಗೂ ಹೌದೇನೋ ಅನಿಸಿತು.

ಮೊದಲ ಸಾಲಿನಲ್ಲೇ ಡಾನ್ ಹಟ್ಸನ್ ಇದ್ದಾನೆ. 1935ರಿಂದ 1945ರವರೆಗೆ ಗ್ರೀನ್ ಬೇ ಪರ ಆಡಿ 99 ಟಚ್‌ಡೌನ್ ಹಿಡಿದವನು. ಆ ದಾಖಲೆ ಮುರಿಯಲು ಸ್ಟೀವ್ ಲಾರ್ಜೆಂಟ್ 1989ರಲ್ಲಿ ಬರಬೇಕಾಯಿತು. ಅಕ್ಕನ ಮಗ ಕೂಡಲೇ ಫೋನು ತೆಗೆದ. ಹಟ್ಸನ್‌ನ ಕ್ಯಾಚುಗಳು 488, ಜೆರ್ರಿ ರೈಸ್‌ನವು 1,549. "ಎರಡಕ್ಕೂ ಹೋಲಿಕೆಯೇ ಇಲ್ಲ ಮಾವ."

"ಹಟ್ಸನ್ ಕಾಲದಲ್ಲಿ ವರ್ಷಕ್ಕೆ ಎಷ್ಟು ಪಂದ್ಯ?" ಅಂದೆ.

"ಹನ್ನೊಂದೋ ಹನ್ನೆರಡೋ."

"ಈಗ?"

"ಹದಿನೇಳು."

ಇಷ್ಟಕ್ಕೇ ಮುದುಕನಿಗೆ ಹುರುಪು ಬಂತು. ಹಿಂದೆಲ್ಲ ಚೆಂಡು ಗಾಳಿಗೆ ಏರುವವರೆಗೂ ರಿಸೀವರನ್ನು ಮೈದಾನದುದ್ದಕ್ಕೂ ತಳ್ಳಬಹುದಿತ್ತು, ಗುದ್ದಬಹುದಿತ್ತು. 1978ರಲ್ಲಿ ನಿಯಮ ಬಿಗಿಯಾಯಿತು, ಮೊದಲ ಐದು ಗಜ ದಾಟಿದ ಮೇಲೆ ಕೈ ಹಾಕುವ ಹಾಗಿಲ್ಲ. ಅಲ್ಲಿಂದಾಚೆಗೆ ಕ್ಯಾಚುಗಳ ಬೆಲೆ ನಮ್ಮ ರೂಪಾಯಿಯ ಹಾಗೆ ಇಳಿಯುತ್ತಾ ಬಂತು. ಮುದುಕ ನನ್ನ ತೋಳು ಹಿಡಿದು ಪಾಲ್ ವಾರ್‌ಫೀಲ್ಡ್‌ನ ಮುಂದೆ ನಿಲ್ಲಿಸಿದ. ಓಹಯೋದ ವಾರೆನ್ನಿನವನು, ಬ್ರೌನ್ಸ್ ಮತ್ತು ಮಯಾಮಿ ಎರಡಕ್ಕೂ ಆಡಿದವನು. ಇಡೀ ಬಾಳಿನಲ್ಲಿ 427 ಕ್ಯಾಚ್. ಆದರೆ 85 ಟಚ್‌ಡೌನ್, ಒಂದೊಂದು ಕ್ಯಾಚಿಗೆ ಇಪ್ಪತ್ತು ಗಜ. "ನಾನು ಇವನನ್ನು ಕಣ್ಣಾರೆ ನೋಡಿದ್ದೇನೆ" ಅಂದ. ಇದಕ್ಕೆ ಫೋನಿನಲ್ಲಿ ಉತ್ತರ ಸಿಗಲಿಲ್ಲ.

ಫ್ರೆಡ್ ಬಿಲೆಟ್ನಿಕಾಫ್‌ನ ಕಥೆ ನನಗೆ ಬಲು ಹಿಡಿಸಿತು. ಸ್ಟಿಕಮ್ ಎಂಬ ಅಂಟನ್ನು ಬಳಿದುಕೊಂಡು ಆಡುತ್ತಿದ್ದನಂತೆ. ಹಲಸಿನಹಣ್ಣು ಬಿಡಿಸಿದ ಕೈಗೆ ಮೇಣ ಮೆತ್ತಿದ ಹಾಗೆ ಅಂತ ಮೊಮ್ಮಗಳಿಗೆ ವಿವರಿಸಿದೆ, ಅವಳು ಹಲಸು ಬಿಡಿಸಿದ್ದೇ ಇಲ್ಲ. 1981ರಲ್ಲಿ ಅದನ್ನು ನಿಷೇಧಿಸಿದರು. ಅಂಟು ಹೋಯಿತು, ಕೈಗವಸುಗಳು ಬಂದವು. ಅವಳ ಚೀಲದಲ್ಲೂ ಒಂದು ಜೊತೆ ಇದ್ದದ್ದು ನನಗೆ ಆಮೇಲೆ ಗೊತ್ತಾಯಿತು.

ಹೊಸ ಸಾಲಿನ ಕೊನೆಯಲ್ಲಿ ಸ್ಟರ್ಲಿಂಗ್ ಶಾರ್ಪ್. ಆ ವರ್ಷದ ಆಗಸ್ಟಿನಲ್ಲಷ್ಟೇ ಒಳಗೆ ಬಂದವನು. ಏಳೇ ವರ್ಷ ಆಡಿದ. ಆ ಏಳರಲ್ಲಿ ಮೂರು ವರ್ಷ ಇಡೀ ಲೀಗಿನಲ್ಲಿ ಅತಿ ಹೆಚ್ಚು ಕ್ಯಾಚ್ ಅವನದೇ. 1994ರಲ್ಲಿ 18 ಟಚ್‌ಡೌನ್ ಹೊಡೆದ, ಆಮೇಲೆ ಕುತ್ತಿಗೆಯ ಪೆಟ್ಟು, ಆಟ ಅಲ್ಲಿಗೆ ನಿಂತಿತು. ಅವನ ತಮ್ಮ ಶ್ಯಾನನ್ 2011ರಲ್ಲೇ ಇಲ್ಲಿಗೆ ಬಂದಿದ್ದ. ನಮ್ಮ ಮನೆಯಲ್ಲೇ ನಾನು ಎರಡನೆಯವನು ಅಂತ ಆ ವೇದಿಕೆಯಿಂದ ಹೇಳಿದ್ದ, ತಾನು ಗೆದ್ದ ಮೊದಲ ಸೂಪರ್ ಬೌಲ್ ಉಂಗುರವನ್ನು ಅಣ್ಣನಿಗೇ ಕೊಟ್ಟಿದ್ದ. ಅಣ್ಣ ಕಾದದ್ದು ಮೂವತ್ತು ವರ್ಷ. ಏಳು ವರ್ಷ ಸಾಲದು ಅನ್ನುವವರು ಅಷ್ಟು ದಿನ ಬಾಗಿಲಿಗೆ ಅಡ್ಡ ನಿಂತಿದ್ದರು. ಕುಲುಮೆ ಎಷ್ಟು ವರ್ಷ ಉರಿಯಿತು ಅಂತ ಕೇಳುವವರು ಲೆಕ್ಕಪತ್ರ ವಿಭಾಗದವರು, ಎಷ್ಟು ಕಾವು ಮುಟ್ಟಿತು ಅಂತ ಕೇಳುವವರು ನಾವು. ಶಾರ್ಪ್ ವಿಷಯದಲ್ಲಿ ನನ್ನ ಮನಸ್ಸಿಗೆ ಅನುಮಾನವೇ ಬರಲಿಲ್ಲ.

ಇನ್ನು ಅವತ್ತಿನ ಮುಖ್ಯ ವ್ಯಾಜ್ಯ. ಸೇಂಟ್ ಲೂಯಿಸ್‌ನ ರ‍್ಯಾಮ್ಸ್ ತಂಡದಲ್ಲಿ ಐಸಾಕ್ ಬ್ರೂಸ್ ಮತ್ತು ಟೋರಿ ಹೋಲ್ಟ್ ಜೋಡೆತ್ತುಗಳು. ಇಂಡಿಯಾನಾಪೊಲಿಸ್‌ನ ಕೋಲ್ಟ್ಸ್‌ನಲ್ಲಿ ಮಾರ್ವಿನ್ ಹ್ಯಾರಿಸನ್ ಮತ್ತು ರೆಜ್ಜಿ ವೇಯ್ನ್. ಹ್ಯಾರಿಸನ್ 2016ರಲ್ಲಿ ಬಂದ, ಬ್ರೂಸ್ 2020ರಲ್ಲಿ. ಎರಡೂ ಜೋಡಿಗಳಲ್ಲಿ ಹಿರಿಯ ಎತ್ತು ಕೊಟ್ಟಿಗೆ ಸೇರಿದೆ, ಕಿರಿಯದು ಅಂಗಳದಲ್ಲೇ ನಿಂತಿದೆ. ಅದೇ ನೊಗ, ಅದೇ ಉಳುಮೆ. ಪಿಟ್ಸ್‌ಬರ್ಗಿನ ಲಿನ್ ಸ್ವಾನ್ ಮತ್ತು ಜಾನ್ ಸ್ಟಾಲ್‌ವರ್ತ್ ಕೂಡ ಹೀಗೇ ಜೋಡಿ. 2001ರಲ್ಲಿ ಸ್ವಾನ್‌ಗೆ ಮಾನ ಸಿಕ್ಕಾಗ ಅವನನ್ನು ಸಭೆಗೆ ಪರಿಚಯಿಸಿದವನು ಇನ್ನೂ ಹೊರಗಿದ್ದ ಸ್ಟಾಲ್‌ವರ್ತ್, ಮರುವರ್ಷವೇ ಅವನಿಗೂ ಕರೆ ಬಂತು. ಸ್ವಾನ್‌ನ ಕ್ಯಾಚುಗಳು ಬರೀ 336. ನಾಲ್ಕು ಸೂಪರ್ ಬೌಲ್ ಗೆದ್ದ ತಂಡದವನು, ದೊಡ್ಡ ದಿನ ಗಾಳಿಯಲ್ಲಿ ಹಾರಿ ಹಿಡಿದವನು ಎಂಬುದೇ ಅವನ ಬಂಡವಾಳ.

"ವೇಯ್ನ್‌ಗೆ ಎಸೆದವನು ಪೇಟನ್ ಮ್ಯಾನಿಂಗ್. ಅವನು ಎಸೆದರೆ ನಾನೂ ಹಿಡಿಯುತ್ತಿದ್ದೆ" ಎಂದ ಮುದುಕ.

"ಹೋಲ್ಟ್‌ಗೆ ಎಸೆದ ಕರ್ಟ್ ವಾರ್ನರ್ ಇದೇ ಕೋಣೆಯಲ್ಲಿ ಇದ್ದಾನಲ್ಲ!" ಅಕ್ಕನ ಮಗ ಬಿಡಲಿಲ್ಲ.

ಮುದುಕ ಅದಕ್ಕೆ ತಯಾರಾಗಿಯೇ ಬಂದಿದ್ದ. 2000ದಿಂದ 2005ರವರೆಗೆ ಸಾಲಾಗಿ ಆರು ವರ್ಷ, ವರ್ಷಕ್ಕೆ 1,300 ಗಜಕ್ಕಿಂತ ಹೆಚ್ಚು ಗಳಿಸಿದವನು ಹೋಲ್ಟ್. 2003ರಲ್ಲಿ 1,696. ಆ ವರ್ಷ ವಾರ್ನರ್ ಮೂಲೆ ಸೇರಿದ್ದ, ಎಸೆದವನು ಮಾರ್ಕ್ ಬಲ್ಜರ್. ವೇಯ್ನ್ 14 ವರ್ಷದಲ್ಲಿ ಮಾಡಿದ್ದನ್ನು ಹೋಲ್ಟ್ 11 ವರ್ಷದಲ್ಲಿ ಹೆಚ್ಚುಕಡಿಮೆ ಮಾಡಿ ಮುಗಿಸಿದ. ಇಷ್ಟು ಕೇಳಿ ನಾನು ಹೋಲ್ಟ್ ಕಡೆ ವಾಲಿದೆ. ಅಕ್ಕನ ಮಗನ ಮುಖ ಚಿಕ್ಕದಾಯಿತು. ತವರಿನವನೇ ಕೈಬಿಟ್ಟ ಹಾಗೆ.

ಹೊರಡುವ ಮುನ್ನ ಬಾಬ್ ಹೇಯ್ಸ್‌ನ ಮುಖ ನೋಡಿದೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಚಿನ್ನ ಗೆದ್ದು ಡಲ್ಲಾಸ್‌ಗೆ ಬಂದವನು. ಒಬ್ಬನಿಂದ ಅವನನ್ನು ಬೆನ್ನಟ್ಟಲು ಆಗದೆ, ಮೈದಾನವನ್ನೇ ಹಂಚಿಕೊಂಡು ಕಾಯುವ ಪದ್ಧತಿಯನ್ನು ಎದುರಾಳಿಗಳು ಬೆಳೆಸಿಕೊಳ್ಳಬೇಕಾಯಿತು. ತೀರಿಕೊಂಡದ್ದು 2002ರಲ್ಲಿ, ಇಲ್ಲಿಗೆ ಬಂದದ್ದು 2009ರಲ್ಲಿ. ಕ್ಲಿಫ್ ಬ್ರಾಂಚ್‌ನದೂ ಇದೇ ಪಾಡು, ಸತ್ತು ಮೂರು ವರ್ಷಕ್ಕೆ ಮಾನ. ತದ್ವಿರುದ್ಧ ಟೆರೆಲ್ ಓವೆನ್ಸ್. ಎರಡು ವರ್ಷ ಕಾಯಿಸಿದರೆಂಬ ಸಿಟ್ಟಿಗೆ 2018ರಲ್ಲಿ ಕ್ಯಾಂಟನ್‌ಗೆ ಬರಲೇ ಇಲ್ಲ, ಟೆನೆಸಿಯಲ್ಲಿ ತಾನು ಓದಿದ ಕಾಲೇಜಿನಲ್ಲಿ ತನ್ನ ಸಮಾರಂಭ ತಾನೇ ಮಾಡಿಕೊಂಡ. ಮುದುಕನಿಗೆ ಅದು ಅಹಂಕಾರ. ಹೇಯ್ಸ್‌ನ ಮುಖ ನೋಡಿ ಬಂದ ನನಗೆ ಅಷ್ಟೇನೂ ತಪ್ಪು ಕಾಣಲಿಲ್ಲ.

ನಮ್ಮ ಊರಿನ ಹುಡುಗನ ನೆನಪಾಗದೆ ಇರುತ್ತದೆಯೇ? ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ. 91 ಟೆಸ್ಟ್, 6,080 ರನ್, 14 ಶತಕ. ಇವತ್ತಿನ ಪಟ್ಟಿಯಲ್ಲಿಟ್ಟರೆ ಸಾಧಾರಣ ಅಂಕಿ. ಆದರೆ 1975ರ ಜನವರಿಯಲ್ಲಿ ಚೆಪಾಕಿನಲ್ಲಿ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಉರುಳಿಸಿದಾಗ, ತಂಡದ 190ರಲ್ಲಿ ಔಟಾಗದೆ 97 ಹೊಡೆದವನು ವಿಶಿ. ರೇಡಿಯೊ ಸುತ್ತ ನಮ್ಮ ಓಣಿಯೇ ನೆರೆದಿತ್ತು. ಐಸಿಸಿಯ ಹಾಲ್ ಆಫ್ ಫೇಮ್‌ನಲ್ಲಿ ಕುಂಬ್ಳೆ ಇದ್ದಾರೆ, ದ್ರಾವಿಡ್ ಇದ್ದಾರೆ, ವಿಶಿ ಇಲ್ಲ. ಇದನ್ನು ಮುದುಕನಿಗೆ ಹೇಳಿದೆ. ಕ್ರಿಕೆಟ್ ಒಂದಕ್ಷರ ಗೊತ್ತಿಲ್ಲದವನು ಹೆಗಲು ತಟ್ಟಿ, "ನಿಮ್ಮ ವಾರ್‌ಫೀಲ್ಡ್" ಅಂದ.

ಪಾರ್ಕಿಂಗ್‌ನಲ್ಲಿ ಕಾರಿನ ಹಿಂಬಾಗಿಲು ಎತ್ತಿ ಪುಳಿಯೋಗರೆ ಬಡಿಸಿದೆ. ಮುದುಕ ಎರಡು ಸಲ ಹಾಕಿಸಿಕೊಂಡ. ಬಡಿಸುವ ಮೊದಲು, ಚಳಿಗೆ ಡಬ್ಬಿಯ ಮುಚ್ಚಳ ಹಿಡಿದು ತೆಗೆಯಲು ಬಂದಿರಲಿಲ್ಲ. ಆಗ ಮೊಮ್ಮಗಳು ತನ್ನ ಕೈಗವಸನ್ನು ನನ್ನ ಬಲಗೈಗೆ ತೊಡಿಸಿದಳು. ಅಂಗೈಯಲ್ಲಿ ರಬ್ಬರಿನಂಥ ನಸು ಜಿಗುಟು. ಮುಚ್ಚಳಕ್ಕೆ ಬೆರಳು ತಾಗಿಸಿ ತಿರುವಿದೆ, ಎಣ್ಣೆ ಮೆತ್ತಿದ ಸ್ಟೀಲ್ ಕೂಡ ಜಾರದೆ ಬಂತು. "ಅಜ್ಜ, ಇದು ಬಿಲೆಟ್ನಿಕಾಫ್ ಹತ್ರ ಇರ್ಲಿಲ್ಲ" ಅಂದಳು. ಅಲ್ಲಿಗೆ ಅವಳಪ್ಪನ ಫೋನಿನ ಅರ್ಧ ಅಂಕಿಗಳ ಗಾಳಿ ಹೋಯಿತು ಅಂತ ನನ್ನ ಎಣಿಕೆ.

ಮತದಾನ ಮಾಡೋಣ ಎಂಬ ಸಲಹೆ ಅವಳದೇ. ನಿಜವಾದ ಸಮಿತಿಯಲ್ಲಿ ಐವತ್ತು ಜನ, ಹೆಚ್ಚಿನವರು ಪತ್ರಕರ್ತರು. ಶೇಕಡ 80 ಮತ ಬಿದ್ದರಷ್ಟೇ ಪ್ರವೇಶ. 2025ರ ಆಯ್ಕೆಯಲ್ಲಿ ಹೋಲ್ಟ್ ಕೊನೆಯ ಏಳರವರೆಗೆ ಬಂದು ಅಲ್ಲಿ ಉದುರಿದ್ದ. ಒಳಗೆ ಹೋದವರು ಒಟ್ಟು ನಾಲ್ಕೇ ಜನ. ಮರುವರ್ಷ, 2026ಕ್ಕೆ, 1,432 ಕ್ಯಾಚುಗಳ ಲ್ಯಾರಿ ಫಿಟ್ಜ್‌ಜೆರಾಲ್ಡ್ ಸಾಲಿಗೆ ಬಂದು ನಿಲ್ಲುವವನಿದ್ದ, ಆಗ ಇವರೆಲ್ಲ ಇನ್ನೊಂದು ಹೆಜ್ಜೆ ಹಿಂದೆ. ನಾವು ನಾಲ್ವರು ಕಾಗದದ ಕರವಸ್ತ್ರಗಳ ಮೇಲೆ ಮೂರು ಹೆಸರು ಬರೆದು, ಎದುರಿಗೆ ಹೌದು ಅಥವಾ ಇಲ್ಲ ಗೀಚಿ, ಮುಚ್ಚಳದೊಳಗೆ ಹಾಕಿದೆವು. ಎಣಿಸಿದವನು ನಾನು. ವೇಯ್ನ್‌ಗೆ ಎರಡು, ಸ್ಮಿತ್‌ಗೆ ಎರಡು, ಹೋಲ್ಟ್‌ಗೆ ಮೂರು.

"ಗೆದ್ದ!" ಮುದುಕ ಕಾರಿನ ಮಾಡಿಗೆ ಗುದ್ದಿದ.

"ಮೂರು ಅಂದ್ರೆ ಶೇಕಡ 75" ಎಂದಳು ಮೊಮ್ಮಗಳು. ಹೋಲ್ಟ್‌ಗೆ ಇಲ್ಲ ಎಂದು ಬರೆದ ಚೀಟಿಯ ಶಾಯಿ ನೇರಳೆ, ನೇರಳೆ ಪೆನ್ನು ಇದ್ದದ್ದು ಅವಳ ಹತ್ತಿರ ಮಾತ್ರ. ನಾಲ್ಕು ಜನರ ಸಮಿತಿಯಲ್ಲಿ ಶೇಕಡ 80 ಅಂದರೆ ನಾಲ್ಕಕ್ಕೆ ನಾಲ್ಕೂ ಬೇಕು ಎಂಬುದು ಉಳಿದ ಮೂವರಿಗೂ ಹೊಳೆದಿರಲಿಲ್ಲ. ಸ್ಮಿತ್‌ಗೆ ಎಲ್ಲರೂ ಹೌದು ಅಂದರೆ ತಾನೂ ಬದಲಾಯಿಸುತ್ತೇನೆ ಅಂತ ಚೌಕಾಸಿಗೆ ಇಳಿದಳು. ಅವಳಪ್ಪ ಆಗಲೇ ಪೆನ್ನು ತೆಗೆದಿದ್ದ. ಇದು ಮೋಸ ಅಂತ ಮುದುಕ ಕರವಸ್ತ್ರಗಳನ್ನೆಲ್ಲ ಮುದುರಿ ಜೇಬಿಗೆ ಹಾಕಿಕೊಂಡ.

ಊರಿಗೆ ಮರಳುವ ಮೊದಲು ಅಧ್ಯಕ್ಷ ಮೆಕಿನ್ಲಿಯ ಸಮಾಧಿಗೆ ಹೋದೆವು. 1901ರಲ್ಲಿ ಗುಂಡೇಟಿಗೆ ಬಲಿಯಾದ ಈತ ಕ್ಯಾಂಟನ್ನಿನವನು. ಗುಡ್ಡದ ಮೇಲೆ ಗುಮ್ಮಟ, ಹತ್ತಲು 108 ಮೆಟ್ಟಿಲು. ಎಣಿಸುತ್ತಾ ಹೊರಟವನು ಅರವತ್ತೆರಡಕ್ಕೆ ಕೂತೆ. ಮಂಡಿ ಒಪ್ಪಲಿಲ್ಲ. ಮೊಮ್ಮಗಳು ಆಗಲೇ ತುದಿ ಮುಟ್ಟಿ, ಅಲ್ಲಿಂದಲೇ "ಅಜ್ಜ, ಕ್ಯಾಚ್!" ಅಂತ ಚೆಂಡು ಎಸೆದಳು. ಬರಿಗೈ ಚಾಚಿದೆ. ಬೆರಳ ತುದಿಗೆ ಬಡಿದು ಚಿಮ್ಮಿತು. ಆ ಚೂಪು ಚೆಂಡು ನೆಟ್ಟಗೆ ಪುಟಿಯುವುದಿಲ್ಲವಲ್ಲ, ಒಂದು ಮೆಟ್ಟಿಲಿಗೆ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ ಕುಣಿಯುತ್ತಾ ಕೆಳಗಿಳಿಯಿತು. ಕೆಳಗಿದ್ದ ಮುದುಕ ಎದ್ದು ಎರಡು ಹೆಜ್ಜೆ ಸರಿದು, ಎದೆಗೆ ಅವುಚಿಕೊಂಡು ಹಿಡಿದ. ಹಿಡಿದವನು ಮೇಲೆ ನನ್ನ ಕಡೆ ನೋಡಿ, ಜೇಬಿನಿಂದ ಮುದುರಿದ ಕರವಸ್ತ್ರವೊಂದನ್ನು ತೆಗೆದು ಆಡಿಸಿದ.