ಕರೆಂಟ್ ಕೊಡಿಸಿದ ಮೇಲೂ ಮರಳಿದ ಗಂಟು

ಫಾಲಿಕ್ಯುಲರ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನಿಂದ ಊದಿದ್ದ ಕುತ್ತಿಗೆಯ ಗಂಟುಗಳಿಗೆ 24 ಗ್ರೇ (ವಿಕಿರಣದ ಅಳತೆ) ರೇಡಿಯೇಷನ್, ಅಂದರೆ ಜನರ ಮಾತಿನ ‘ಕರೆಂಟ್’, ಕೊಡಿಸಿ ಕೆಲವು ವರ್ಷ ನೆಮ್ಮದಿಯಿಂದಿದ್ದ ಅವ್ವನಿಗೆ, ಕೊಪ್ಪಳದ ಮನೆಯಲ್ಲಿ ಸ್ನಾನ ಮಾಡುವಾಗ ತೊಡೆಸಂದಿನಲ್ಲಿ ನೋವಿಲ್ಲದ ಹೊಸ ಗಂಟೊಂದು ಕೈಗೆ ಸಿಕ್ಕಿತು. ‘ಕರೆಂಟ್ ನನಗ ಸರಿಯಾಗಿ ತಾಗಲಿಲ್ಲೇನಪಾ?’ ಎಂದು ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು ಬೆಂಗಳೂರಿನ ವೈದ್ಯರನ್ನು ಕಂಡಾಗ, ರೇಡಿಯೇಷನ್ ಗುರಿಯಿಟ್ಟ ಜಾಗದಲ್ಲಷ್ಟೇ ಕೆಲಸ ಮಾಡುತ್ತದೆ, ಫಾಲಿಕ್ಯುಲರ್ ಲಿಂಫೋಮಾ ಮರಳಿದರೆ ಹೆಚ್ಚಾಗಿ ಬೇರೆಡೆಯೇ ಕಾಣಿಸಿಕೊಳ್ಳುತ್ತದೆ ಎಂದರು. ಅವ್ವನ ಕುತ್ತಿಗೆ ಆಗಲೂ ಶುದ್ಧವಾಗಿಯೇ ಇತ್ತು.

ಗಂಟಿನ ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿ ಮತ್ತೆ ಬೇಡ, ಗಂಟಿಗೆ ಕತ್ತರಿ ತಾಗಿದರೆ ರೋಗ ಹಬ್ಬುತ್ತದೆ ಎಂದು ನೆಂಟರು ತಡೆದರು. ಆ ಮಾತಿಗೆ ನಾವು ಕಿವಿಗೊಡದಿದ್ದುದೇ ಸರಿಯಾಯಿತು. ನಿಧಾನವಾಗಿ ಬೆಳೆಯುವ ಈ ರೋಗ ಕೆಲವರಲ್ಲಿ ವೇಗದ ಬಗೆಯ ಲಿಂಫೋಮಾ ಆಗಿ ಮಾರ್ಪಡುತ್ತದೆ. ಹಾಗಾಗಿದ್ದರೆ ಔಷಧಿಯೇ ಬೇರೆ, ಅವಸರವೂ ಬೇರೆ. ಅದನ್ನು ಹಳೆಯ ರಿಪೋರ್ಟ್ ಹೇಳಲಾರದು. ರೋಗ ಚುರುಕಾಗಿರುವ ಜಾಗವನ್ನು ಹೊಳಪಾಗಿ ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ ಹೆಚ್ಚು ಹೊಳೆದ ಗಂಟಿನಿಂದಲೇ ತುಣುಕು ತೆಗೆದರು. ರೋಗ ಮಾರ್ಪಟ್ಟಿರಲಿಲ್ಲ.

ತೊಂದರೆಯಿಲ್ಲದವರಿಗೆ ಔಷಧಿ ಕೊಡದೆ ಕಾದು ನೋಡುವುದೂ ಉಂಟಂತೆ. ಆದರೆ ಅವ್ವನ ಹೊಟ್ಟೆಯೊಳಗಿನ ಗಂಟುಗಳು ಮೂತ್ರನಾಳವನ್ನು ಒತ್ತಿ ಒಂದು ಕಿಡ್ನಿ ಊದಿಕೊಂಡಿತ್ತು. ಹೀಗಾಗಿ ಇಡೀ ಮೈಗೆ ತಲುಪುವ ಬೆಂಡಾಮುಸ್ಟಿನ್ ಮತ್ತು ರಿಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧಿಗಳು, 28 ದಿನಕ್ಕೊಮ್ಮೆಯಂತೆ 6 ಸುತ್ತು ಎಂದು ನಿಶ್ಚಯವಾಯಿತು. ರಿಟುಕ್ಸಿಮ್ಯಾಬ್ ಮೈಯಲ್ಲಿ ಅಡಗಿರುವ ಹೆಪಟೈಟಿಸ್ ಬಿ ವೈರಸ್ಸನ್ನು ಕೆರಳಿಸಬಹುದಾದ್ದರಿಂದ ಮೊದಲು ಅದರ ರಕ್ತಪರೀಕ್ಷೆ ಮಾಡಿಸಿದರು.

ರಿಟುಕ್ಸಿಮ್ಯಾಬಿನ ಮೊದಲ ಡ್ರಿಪ್ಪಿನ ದಿನ ಬೆಳಿಗ್ಗೆ ಪ್ಯಾರಾಸಿಟಮಾಲ್ ಹಾಗೂ ಅಲರ್ಜಿ ತಡೆಯುವ ಇಂಜೆಕ್ಷನ್ ಕೊಟ್ಟು, ಪಂಪನ್ನು ತೀರ ನಿಧಾನಕ್ಕೆ ಇಟ್ಟರು. ಅರ್ಧ ಗಂಟೆಗೊಮ್ಮೆ ವೇಗ ಏರಿಸುತ್ತ ಹೋದಂತೆ ಅವ್ವನ ಹಲ್ಲು ಕಟಕಟನೆ ಬಡಿಯತೊಡಗಿ, ಮಂಚವೇ ಅಲುಗುವಷ್ಟು ಚಳಿ ಹತ್ತಿತು. ಸಿಸ್ಟರ್ ಕೂಡಲೇ ಪಂಪ್ ನಿಲ್ಲಿಸಿ, ಇನ್ನೊಂದು ಇಂಜೆಕ್ಷನ್ ಹಾಕಿ, ಕಂಬಳಿ ಹೊದಿಸಿ, ‘ಅಮ್ಮಾ, ಮೊದಲನೇ ಸಲ ಹೀಗಾಗೋದು ಹೆಚ್ಚು, ಹೆದರಬೇಡಿ’ ಎಂದರು. ನಡುಕ ಇಳಿದ ಮೇಲೆ ಅರ್ಧ ವೇಗದಲ್ಲಿ ಮತ್ತೆ ಆರಂಭಿಸಿದ ಅದೇ ಔಷಧಿ ಸಂಜೆಯ ಹೊತ್ತಿಗೆ ಪೂರ್ತಿ ಹೋಯಿತು.

ಮೂರನೆಯ ಸುತ್ತಿನ ನಂತರದ ಸ್ಕ್ಯಾನ್‌ನಲ್ಲಿ ಕಿಡ್ನಿಯ ಊತ ಇಳಿದಿತ್ತು. ಈ ಔಷಧಿಗಳಿಂದ ಬಿಳಿ ರಕ್ತಕಣ ಕುಸಿದಿರುವಾಗ ಸೋಂಕು ಬೇಗ ಏರುವುದರಿಂದ, ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಂಗಳೂರಿನ ರೈಲಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ ಆಂಟಿಬಯೋಟಿಕ್ ಹಾಕಿಸಬೇಕೆಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು ಅವ್ವನ ಫೈಲಿನ ಮೊದಲ ಪುಟಕ್ಕೇ ಅಂಟಿಸಿದ್ದೇವೆ.